ತೀರದ ಮುಯ್ಯಿ

ಚೆನ್ನೈನಿಂದ ಸುಮಾರು 75 ಕಿಲೋಮೀಟರ್ ದೂರದ ಕಂಚಿಯಲ್ಲಿ, ಕೈಲಾಸನಾಥ ದೇವಾಲಯದ ಮಂಟಪದ ಕಂಬವೊಂದರ ಮೇಲೆ ಒಂದು ಕನ್ನಡ ಶಾಸನವಿದೆ. ದೇವಾಲಯ ಪಲ್ಲವರದು. ಎಂಟನೆಯ ಶತಮಾನದ ಆರಂಭದಲ್ಲಿ ಅದನ್ನು ಕಟ್ಟಿಸಿದವನು ರಾಜಸಿಂಹನೆಂಬ ಬಿರುದಿನ ಇಮ್ಮಡಿ ನರಸಿಂಹವರ್ಮ. ಶಾಸನ ಮಾತ್ರ ಪಲ್ಲವರ ಕಡುವೈರಿಗಳದು. ಅದನ್ನು ಬರೆಸಿದವನು 733ರ ಸುಮಾರಿಗೆ ಬಾದಾಮಿಯ ಪಟ್ಟಕ್ಕೆ ಬಂದ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ. ಗೆದ್ದ ಊರಿನ ಕಲ್ಲಿನ ಮೇಲೆ ಗೆದ್ದವನು ತಾನು ಕೊಂದವರನ್ನೂ ಕೊಳ್ಳೆ ಹೊಡೆದದ್ದನ್ನೂ ಎಣಿಸಿ ಬರೆಸುವುದು ವಾಡಿಕೆ. ಈ ಶಾಸನ ಹೇಳುವುದು ಬೇರೆ: ಕಂಚಿಯನ್ನು ಹಿಡಿದ ವಿಕ್ರಮಾದಿತ್ಯ ಈ ಗುಡಿಯ ದೇವರಾದ ರಾಜಸಿಂಹೇಶ್ವರನ ಸಂಪತ್ತನ್ನು ನೋಡಿ, ಅದನ್ನು ದೇವರಿಗೇ ಬಿಟ್ಟುಕೊಟ್ಟ. ಅವನ ಮುತ್ತಾತನ ತಂದೆಯ ರಾಜಧಾನಿಯನ್ನು ಇದೇ ಕಂಚಿಯಿಂದ ಹೊರಟ ಸೇನೆ ಹಿಂದೆ ಹಾಳುಗೆಡವಿತ್ತು. ಹಗೆ ತೀರಿಸಲು ಅವನ ಕಾಲದ ನೀತಿಯೆಲ್ಲ ಅವನಿಗೆ ಅನುಮತಿ ಕೊಟ್ಟಿತ್ತು. ಅಡ್ಡಬರುವ ಬಲ ಎದುರಿಗಿರಲಿಲ್ಲ. ಹಾಗಿದ್ದೂ ಕೈ ನಿಂತಿತು. ಈ ನಿಲುಗಡೆಯನ್ನು ಅರ್ಥ ಮಾಡಿಕೊಳ್ಳದೆ ಸೇಡು ಎಂದರೇನು ಎಂಬುದೂ ನಮಗೆ ಅರ್ಥವಾಗುವುದಿಲ್ಲ ಎಂದು ನನ್ನ ನಂಬಿಕೆ.

ನಮ್ಮ ಭಾಷೆಯಲ್ಲೇ ಇದಕ್ಕೊಂದು ಸುಳಿವಿದೆ. ಮದುವೆ ಮನೆಯಲ್ಲಿ ಕೊಡುವ ಉಡುಗೊರೆಗೆ ಮುಯ್ಯಿ ಎನ್ನುತ್ತೇವೆ. ಪೆಟ್ಟಿಗೆ ಪೆಟ್ಟು ಕೊಡುವುದಕ್ಕೂ ಮುಯ್ಯಿ ಎನ್ನುತ್ತೇವೆ. ಸಾಲ ತೀರಿಸುವುದು, ಹಗೆ ತೀರಿಸುವುದು, ಸೇಡು ತೀರಿಸುವುದು ಎಂದು ಮೂರಕ್ಕೂ ಒಂದೇ ಕ್ರಿಯಾಪದ. ಹೀಗಾಗಿ ಸೇಡನ್ನು ನಾವು ಒಂದು ಬಗೆಯ ಸಾಲವೆಂದೇ ತಿಳಿಯುತ್ತೇವೆ: ಅವರು ಇಷ್ಟು ಮಾಡಿದರು, ನಾವು ಅಷ್ಟನ್ನು ಹಿಂದಿರುಗಿಸಿದರೆ ಲೆಕ್ಕ ಚುಕ್ತಾ. ಮೋಸ ಇರುವುದು ಇಲ್ಲಿಯೇ. ಸಾಲ ತೀರಬೇಕಾದರೆ ಕೊಟ್ಟವನೂ ಪಡೆದವನೂ ಒಂದೇ ಲೆಕ್ಕವನ್ನು ಒಪ್ಪಬೇಕು. ಮದುವೆಯ ಮುಯ್ಯಿ ಹಾಗಲ್ಲ. ಮುಯ್ಯಿ ಬರೆದಿಟ್ಟ ಪುಸ್ತಕವನ್ನು ಪ್ರತಿ ಮನೆಯೂ ತನಗೆ ತಾನೇ ಇಟ್ಟುಕೊಳ್ಳುತ್ತದೆ. ಬಂದದ್ದಕ್ಕಿಂತ ಒಂದಿಷ್ಟು ಹೆಚ್ಚು ಸೇರಿಸಿ ಹಿಂದಿರುಗಿಸುವುದೇ ಮರ್ಯಾದೆ. ಕೊಟ್ಟುಕೊಳ್ಳುವುದು ನಿಂತರೆ ಸಂಬಂಧವೇ ಕಡಿದಂತೆ. ಸಂಬಂಧ ಮುಂದುವರಿಯಲೆಂದೇ ಇರುವ ಏರ್ಪಾಡು ಅದು. ಸೇಡೂ ಇದೇ ಜಾತಿಯದು. ತೀರಿಸುತ್ತೇನೆ ಎಂದು ಹೊರಟವನು ವಾಸ್ತವದಲ್ಲಿ ಮುಂದಿನ ತಲೆಮಾರಿಗೆ ಮುಯ್ಯಿ ಮಾಡಿ ಬರುತ್ತಾನೆ.

ಪಲ್ಲವ ಮತ್ತು ಚಾಲುಕ್ಯರ ಶಾಸನಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಇಂಥ ಎರಡು ಪುಸ್ತಕಗಳು ಕಣ್ಣಿಗೆ ಬೀಳುತ್ತವೆ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ, ಇಮ್ಮಡಿ ಪುಲಿಕೇಶಿಯ ಸೇನೆ ಎಬ್ಬಿಸಿದ ಧೂಳಿನಲ್ಲಿ ಪಲ್ಲವ ದೊರೆ ಕಂಚಿಯ ಕೋಟೆಗೋಡೆಯ ಹಿಂದೆ ಮರೆಯಾದ ಎಂದು ಹಾಡುತ್ತಾನೆ. ಪಲ್ಲವರ ಕಾಶಾಕುಡಿ ತಾಮ್ರಪಟವಾದರೋ ಮಹೇಂದ್ರವರ್ಮ ಪುಳ್ಳಲೂರಿನಲ್ಲಿ ಹಗೆಗಳನ್ನು ಸದೆಬಡಿದ ಎನ್ನುತ್ತದೆ. ಹಗೆಯ ಹೆಸರನ್ನೂ ಅದು ಎತ್ತುವುದಿಲ್ಲ. ಅದು ಪುಲಿಕೇಶಿಯ ಸೇನೆಯೇ ಇರಬೇಕೆಂದು ಅನೇಕ ಇತಿಹಾಸಕಾರರು ಊಹಿಸಿದ್ದಾರೆ. ಮುಂದೆ ಮಹೇಂದ್ರವರ್ಮನ ಮಗ ಒಂದನೆಯ ನರಸಿಂಹವರ್ಮ ಪರಿಯಳ, ಮಣಿಮಂಗಲ, ಶೂರಮಾರ ಎಂಬಲ್ಲಿ ಪುಲಿಕೇಶಿಯನ್ನು ಹಿಮ್ಮೆಟ್ಟಿಸಿದ. ಮಣಿಮಂಗಲ ಇಂದು ತಾಂಬರಂ ಆಚೆ ಚೆನ್ನೈನ ಹೊರವಲಯದಲ್ಲಿದೆ. ಓಡುತ್ತಿದ್ದ ಪುಲಿಕೇಶಿಯ ಬೆನ್ನನ್ನೇ ತಾಮ್ರಪಟ ಮಾಡಿಕೊಂಡು ನರಸಿಂಹವರ್ಮ ಅದರ ಮೇಲೆ ವಿಜಯವೆಂಬ ಅಕ್ಷರಗಳನ್ನು ಬರೆದ ಎಂದು ಕೂರಂ ತಾಮ್ರಪಟ ಬಣ್ಣಿಸುತ್ತದೆ. 642ರಲ್ಲಿ ಬಾದಾಮಿ ಬಿತ್ತು. ನರಸಿಂಹವರ್ಮ ವಾತಾಪಿಕೊಂಡ (ಬಾದಾಮಿಯನ್ನು ಗೆದ್ದವನು) ಎನಿಸಿಕೊಂಡ, ಅವನ ಶಾಸನವೊಂದು ಬಾದಾಮಿಯ ಬಂಡೆಯ ಮೇಲೆ ಈಗಲೂ ಇದೆ, ಬಹಳ ಅಕ್ಷರ ಹೋಗಿವೆ. ಹದಿಮೂರು ವರ್ಷ ಚಾಲುಕ್ಯ ಸಿಂಹಾಸನ ಬರಿದಾಗಿತ್ತು. 655ರಲ್ಲಿ ಪುಲಿಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯ ಅದನ್ನು ಮರಳಿ ಪಡೆದ, ದಕ್ಷಿಣಕ್ಕೆ ನುಗ್ಗಿದ. 674ರ ಗದ್ವಾಲ ತಾಮ್ರಪಟದಲ್ಲಿ ಅವನು ನರಸಿಂಹನ ಕೀರ್ತಿಯನ್ನು ತುಳಿದೆ, ಮಹೇಂದ್ರನ ಪ್ರತಾಪವನ್ನು ಅಳಿಸಿದೆ, ಈಶ್ವರನನ್ನು ಗೆದ್ದೆ ಎಂದು ಪಲ್ಲವರ ಮೂರು ತಲೆಮಾರನ್ನು ಬೆರಳು ಮಡಿಸಿ ಎಣಿಸಿದ್ದಾನೆ. ಈಶ್ವರನೆಂದರೆ ಆಗ ಆಳುತ್ತಿದ್ದ ಪರಮೇಶ್ವರವರ್ಮ. ಅದೇ ಪರಮೇಶ್ವರವರ್ಮನ ಕೂರಂ ತಾಮ್ರಪಟ ಓದಿದರೆ, ಲಕ್ಷಗಟ್ಟಲೆ ಸೇನೆಯಿದ್ದ ಈ ವಿಕ್ರಮಾದಿತ್ಯ ಹರಕು ಬಟ್ಟೆಯೊಂದನ್ನು ಹೊದ್ದು ಒಬ್ಬನೇ ಓಡಿಹೋದ. ಯಾರ ಮಾತು ನಿಜವೆಂದು ತೀರ್ಮಾನಿಸುವುದು ಇತಿಹಾಸಕಾರರ ಕೆಲಸ. ನನ್ನ ವಾದಕ್ಕೆ ಬೇಕಾದದ್ದು ಇಷ್ಟು: ಒಂದೇ ಯುದ್ಧದಲ್ಲಿ ಇಬ್ಬರೂ ಗೆದ್ದಿದ್ದಾರೆ, ಆದ್ದರಿಂದ ಇಬ್ಬರ ಪುಸ್ತಕದಲ್ಲೂ ಬಾಕಿ ಉಳಿದಿದೆ. ಲೆಕ್ಕ ಸರಿಹೋಯಿತೆಂದು ಹೇಳುವ ಸಾಲು ಎರಡರಲ್ಲೂ ಇಲ್ಲ.

ಇಮ್ಮಡಿ ವಿಕ್ರಮಾದಿತ್ಯ ಕಂಚಿಗೆ ಬಂದಾಗ ಅಲ್ಲಿ ಆಳುತ್ತಿದ್ದವನು ನಂದಿವರ್ಮ ಪಲ್ಲವಮಲ್ಲ. ಇವನು ಬಾದಾಮಿಯನ್ನು ಸುಟ್ಟ ನರಸಿಂಹವರ್ಮನ ವಂಶಸ್ಥನೇ ಅಲ್ಲ. ಆ ಕವಲು ನಿಂತುಹೋದ ಮೇಲೆ, ನರಸಿಂಹನ ಅಜ್ಜ ಸಿಂಹವಿಷ್ಣುವಿನ ತಮ್ಮ ಭೀಮವರ್ಮನ ಕವಲಿನಿಂದ ಹನ್ನೆರಡು ವರ್ಷದ ಹುಡುಗನನ್ನು ತಂದು ಪಟ್ಟಕಟ್ಟಿದ್ದರು. ಎಂದರೆ ಬಾದಾಮಿಯ ಬೂದಿಗೆ ಇವನಾಗಲಿ ಇವನ ತಾತ ಮುತ್ತಾತಂದಿರಾಗಲಿ ಹೊಣೆಯಲ್ಲ. ಆದರೆ ಚಾಲುಕ್ಯರ ಕೆಂದೂರು ತಾಮ್ರಪಟಕ್ಕೆ ಪಲ್ಲವ ಹುಟ್ಟಿನಿಂದಲೇ ಶತ್ರು, ಸ್ವಭಾವದಿಂದಲೇ ಶತ್ರು. ಮೊದಲು ಒಂದು ಕೃತ್ಯದ ಮೇಲಿದ್ದ ಸಿಟ್ಟು ಆಮೇಲೆ ಒಬ್ಬ ಮನುಷ್ಯನ ಮೇಲೆ, ಕೊನೆಗೆ ಒಂದು ಹೆಸರಿನ ಮೇಲೆ ಕೂತುಬಿಡುತ್ತದೆ. ಇದು ತಾಮ್ರಪಟದ ಕಾಲಕ್ಕೇ ಮುಗಿದ ಕಾಯಿಲೆ ಎಂದುಕೊಳ್ಳಬೇಕಾಗಿಲ್ಲ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿನ ಗಲಾಟೆ ಎದ್ದಾಗ ಬೆಂಗಳೂರಿನಲ್ಲಿ ತಮಿಳು ಹುಡುಗನೊಬ್ಬನನ್ನು ಹೊಡೆದ ವಿಡಿಯೋ ಹರಿದಾಡಿತು. ಮೈಲಾಪುರದಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೆ ಪೆಟ್ರೋಲ್ ಬಾಂಬ್ ಬಿತ್ತು. ಅದೇ ದಿನ ಬೆಂಗಳೂರಿನಲ್ಲಿ ತಮಿಳುನಾಡಿನ ಹತ್ತಾರು ಬಸ್ಸುಗಳು ಉರಿದವು. ಹೋಟೆಲಿನವರು ಆ ಹುಡುಗನನ್ನು ಹೊಡೆದಿರಲಿಲ್ಲ. ಬಸ್ಸಿನ ಮಾಲೀಕರು ಹೋಟೆಲಿಗೆ ಬೆಂಕಿ ಇಟ್ಟಿರಲಿಲ್ಲ. ಸೇಡಿನ ಪೆಟ್ಟು ತಪ್ಪು ಮಾಡಿದವನಿಗೆ ಬೀಳುವುದು ಅಪರೂಪ. ಕೈಗೆ ಸಿಕ್ಕವನಿಗೆ ಬೀಳುವುದೇ ಹೆಚ್ಚು.

ಇಲ್ಲೊಂದು ಆಕ್ಷೇಪಣೆ ಏಳುತ್ತದೆ, ಅದು ಹಗುರವಾದದ್ದಲ್ಲ. ಪಲ್ಲವ–ಚಾಲುಕ್ಯರ ಕಾಳಗ ಸೇಡಿನದಲ್ಲ, ನೆಲದ್ದು. ಕೃಷ್ಣಾ ತುಂಗಭದ್ರೆಗಳ ನಡುವಿನ ಫಲವತ್ತಾದ ಬಯಲು, ವೆಂಗಿ ನಾಡು, ಕಪ್ಪಕಾಣಿಕೆ, ಇವೇ ಕಾರಣ. ಸೇಡಿನ ಮಾತೆಲ್ಲ ಆಸ್ಥಾನ ಕವಿಗಳ ಅಲಂಕಾರ ಎಂದು ಹೇಳಬಹುದು. ನೆಲದ ಆಸೆ ಇತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೆಲದ ಜಗಳಕ್ಕೆ ಗಡಿ ಎಳೆದು ಮುಗಿಸುವ ದಾರಿಯಿದೆ. ಹೆಣ್ಣು ಕೊಟ್ಟು ತಂದು ಸಂಧಿ ಮಾಡಿಕೊಳ್ಳುವುದು ಆ ಕಾಲದ ಅರಸರಿಗೆ ಚೆನ್ನಾಗಿಯೇ ಗೊತ್ತಿತ್ತು. ನೂರು ವರ್ಷಕ್ಕೂ ಮೀರಿ ಈ ಎರಡು ಮನೆಗಳು ಪರಸ್ಪರರ ರಾಜಧಾನಿಯನ್ನೇ ಗುರಿಯಿಟ್ಟದ್ದು, ಸತ್ತು ಎಷ್ಟೋ ಕಾಲವಾದವರ ಕೀರ್ತಿಯನ್ನು ತುಳಿದೆನೆಂದು ಹೆಮ್ಮೆಪಟ್ಟದ್ದು, ಪಲ್ಲವರ ಮಹಾಮಲ್ಲನೆಂಬ ಬಿರುದಿಗೆ ಎದುರಾಗಿ ಚಾಲುಕ್ಯರು ರಾಜಮಲ್ಲನೆಂಬ ಬಿರುದು ಧರಿಸಿದ್ದು ನೆಲದ ಲೆಕ್ಕಕ್ಕೆ ಸಿಗುವುದಿಲ್ಲ. ಅಲಂಕಾರವೇ ಎಂದರೂ, ಜನ ಯಾವ ಮಾತಿಗೆ ತಲೆದೂಗುತ್ತಾರೆಂಬುದು ಕವಿಗೆ ಗೊತ್ತಿದ್ದುದರಿಂದಲೇ ಅವನು ಆ ಅಲಂಕಾರವನ್ನು ಆರಿಸಿಕೊಂಡ. ರವಿಕೀರ್ತಿ ಜೈನ, ಅವನ ಪ್ರಶಸ್ತಿ ಇರುವುದು ಮೇಗುತಿಯ ಜಿನಾಲಯದ ಗೋಡೆಯ ಮೇಲೆ. ಅಹಿಂಸೆಯನ್ನು ಪರಮಧರ್ಮವೆಂದವನ ಗುಡಿಯಲ್ಲೂ ಹಗೆಯ ಹಾಡು ಜಾಗ ಪಡೆಯಿತು. ಇದನ್ನು ಓದುವಾಗ ನನಗೆ ನೋವಾಗುತ್ತದೆ. ಧರ್ಮ ತಾನಾಗಿಯೇ ಸೇಡನ್ನು ತಡೆಯುತ್ತದೆಂದು ನಂಬುವವರು ಈ ಗೋಡೆಯನ್ನು ಮರೆಯಬಾರದು.

ಹಾಗಾದರೆ ಕಾನೂನು ತಡೆಯುತ್ತದೆಯೇ? ಇದಕ್ಕೆ ಉತ್ತರ ಹುಡುಕಲು ಬಹಳ ದೂರ, ಐಸ್‌ಲೆಂಡಿನವರೆಗೆ ಹೋಗಬೇಕು. 930ರಲ್ಲಿ ಅಲ್ಲಿಯ ಜನ ಆಲ್‌ಥಿಂಗ್ ಎಂಬ ಮಹಾಸಭೆಯನ್ನು ಕಟ್ಟಿಕೊಂಡರು. ಕಾನೂನಿತ್ತು, ನ್ಯಾಯಾಲಯವಿತ್ತು, ಅರಸನಿರಲಿಲ್ಲ, ತೀರ್ಪನ್ನು ಜಾರಿಗೆ ತರುವ ಕೈಯಿರಲಿಲ್ಲ. ಆ ಕೆಲಸ ಗೆದ್ದವನ ನೆಂಟರ ಪಾಲಿಗೆ ಬಿತ್ತು. 1280ರ ಸುಮಾರಿಗೆ ರಚಿತವಾದ ನ್ಯಾಲನ ಸಾಗಾ ಎಂಬ ಕಥನದಲ್ಲಿ ಇದರ ಫಲ ಕಾಣುತ್ತದೆ. ನ್ಯಾಲ್ ಮತ್ತು ಗುನ್ನಾರ್ ಪ್ರಾಣಸ್ನೇಹಿತರು. ಇವರ ಹೆಂಡತಿಯರು ಔತಣವೊಂದರಲ್ಲಿ ಕೂರುವ ಜಾಗದ ಬಗ್ಗೆ ಜಗಳವಾಡಿ, ಒಬ್ಬರ ಆಳುಗಳನ್ನು ಇನ್ನೊಬ್ಬರು ಸರದಿಯಂತೆ ಕೊಲ್ಲಿಸುತ್ತಾರೆ. ಗಂಡಂದಿರು ಪ್ರತಿ ಸಲವೂ ಪರಿಹಾರದ ಹಣ ಕೊಟ್ಟು ರಾಜಿಯಾಗುತ್ತಾರೆ. ಒಂದು ಮನೆಯಿಂದ ಹೋದ ಬೆಳ್ಳಿಯ ಚೀಲವೇ ಮುಂದಿನ ಕೊಲೆಗೆ ಪರಿಹಾರವಾಗಿ ತಿರುಗಿ ಬರುತ್ತದೆ. ಮುಯ್ಯಿಯ ಚಿತ್ರ ಇದಕ್ಕಿಂತ ನಿಚ್ಚಳವಾಗಿ ಎಲ್ಲೂ ಇಲ್ಲ. ಮುಂದೆ ನ್ಯಾಲನ ಮಕ್ಕಳು ಹೊಸ್ಕುಲ್ಡ್ ಎಂಬ ನಿರಪರಾಧಿಯನ್ನು ಕೊಂದಾಗ, ಅವನ ಹೆಂಡತಿ ಹಿಲ್ಡಿಗುನ್ ರಕ್ತ ಒಣಗಿದ ಮೇಲಂಗಿಯನ್ನು ತನ್ನ ಚಿಕ್ಕಪ್ಪ ಫ್ಲೋಸಿಯ ಮೇಲೆ ಹೊದಿಸಿ ಸೇಡಿಗೆ ಕೆಣಕುತ್ತಾಳೆ. ಆದರೂ ಮಹಾಸಭೆಯಲ್ಲಿ ರಾಜಿ ಆಗಿಯೇ ಹೋಗುವುದರಲ್ಲಿರುತ್ತದೆ. ಪರಿಹಾರದ ಬೆಳ್ಳಿಯ ರಾಶಿಯ ಮೇಲೆ ನ್ಯಾಲ್ ಒಳ್ಳೆಯ ಮನಸ್ಸಿನಿಂದಲೇ ಒಂದು ರೇಷ್ಮೆಯ ನಿಲುವಂಗಿ ಇಡುತ್ತಾನೆ. ಫ್ಲೋಸಿಗೆ ಅದು ಅಣಕದಂತೆ ಕಾಣುತ್ತದೆ. ಮಾತಿಗೆ ಮಾತು ಬೆಳೆದು ರಾಜಿ ಮುರಿಯುತ್ತದೆ. ಕೊನೆಗೆ ಫ್ಲೋಸಿ ನ್ಯಾಲನ ಮನೆಗೆ ಬೆಂಕಿ ಇಟ್ಟು ಒಳಗಿದ್ದವರನ್ನು ಸುಡುತ್ತಾನೆ. ಕಾನೂನು ಬಲ್ಲವರಲ್ಲಿ ಆ ದ್ವೀಪದಲ್ಲೇ ದೊಡ್ಡವನು ನ್ಯಾಲ್. ಕಥೆಯಾಚೆಗೂ ಹೀಗೆಯೇ ಆಯಿತು: ದೊಡ್ಡ ಮನೆತನಗಳ ಹಗೆತನದಲ್ಲಿ ಬಳಲಿದ ಐಸ್‌ಲೆಂಡ್ 1262ರಿಂದ 1264ರ ಒಳಗೆ ನಾರ್ವೆಯ ಅರಸನಿಗೆ ಅಧೀನವಾಯಿತು.

ಇಷ್ಟಾದರೂ ಒಬ್ಬರು ಎದ್ದು ಕೇಳಬಹುದು: ಅನ್ಯಾಯವಾದವರು ಸುಮ್ಮನಿರಬೇಕೆ? ಕ್ಷಮೆಯ ಉಪದೇಶ ಯಾವಾಗಲೂ ಪೆಟ್ಟು ತಿಂದವರಿಗೇ ಏಕೆ? ಚೆನ್ನೈಯ ಮರೀನಾ ದಂಡೆಯ ಮೇಲೆ 1968ರಲ್ಲಿ ನಿಲ್ಲಿಸಿದ, ತಮಿಳು ಕಾವ್ಯದ ಕಣ್ಣಗಿಯ ಪ್ರತಿಮೆ ಈ ಪ್ರಶ್ನೆಯನ್ನೇ ಕೇಳುತ್ತಿದೆ. ಅಂದುಗೆ ಕದ್ದನೆಂದು, ಕಳ್ಳನಲ್ಲದ ಅವಳ ಗಂಡನನ್ನು ಪಾಂಡ್ಯ ಅರಸನ ಆಳುಗಳು ಕೊಂದರು. ಅವಳು ಆಸ್ಥಾನಕ್ಕೆ ನುಗ್ಗಿ ತನ್ನ ಕಾಲಂದುಗೆಯನ್ನು ಒಡೆದು, ಒಳಗಿನ ಮಾಣಿಕ್ಯ ತೋರಿಸಿ ಸತ್ಯವನ್ನು ಸ್ಥಾಪಿಸಿದಳು. ತನ್ನ ತಪ್ಪನ್ನು ಅರಿತ ಅರಸ ಅಲ್ಲೇ ಕುಸಿದು ಸತ್ತ. ನ್ಯಾಯ ಆ ಕ್ಷಣಕ್ಕೆ ಪೂರ್ತಿಯಾಯಿತು. ಆಮೇಲೆ ಮಧುರೆ ಉರಿಯಿತು. ಆ ಬೆಂಕಿ ಯಾವ ಸತ್ಯವನ್ನು ಹೊಸದಾಗಿ ತೋರಿಸಿತು? ಕಣ್ಣಗಿಯ ಕೋಪಕ್ಕೆ ನಾನು ತಲೆಬಾಗುತ್ತೇನೆ. ಆ ಕೋಪವಿಲ್ಲದಿದ್ದರೆ ಆಸ್ಥಾನದ ಬಾಗಿಲು ತೆರೆಯುತ್ತಿರಲಿಲ್ಲ. ಆದರೆ ಅಂದುಗೆ ಬೇರೆ, ಬೆಂಕಿ ಬೇರೆ. ಮರೀನಾದ ಪ್ರತಿಮೆಯ ಕೈಯಲ್ಲಿರುವುದು ಅಂದುಗೆಯೇ. ನ್ಯಾಯ ಕೇಳುವವನು ತನ್ನ ಪುಸ್ತಕವನ್ನು ಮೂರನೆಯವನ ಮುಂದೆ ತೆರೆದಿಡುತ್ತಾನೆ. ಸೇಡಿನವನು ಅದನ್ನು ಯಾರಿಗೂ ತೋರಿಸುವುದಿಲ್ಲ. ಕಾವೇರಿಯ ವಿಷಯದಲ್ಲೂ 2018ರ ಸುಪ್ರೀಂ ಕೋರ್ಟಿನ ತೀರ್ಪು ಮತ್ತು ಅದರಿಂದ ಬಂದ ನಿರ್ವಹಣಾ ಪ್ರಾಧಿಕಾರ ಎರಡೂ ರಾಜ್ಯಗಳಿಗೆ ಪೂರ್ತಿ ಸಮಾಧಾನ ತಂದಿಲ್ಲ. ಆದರೆ ನೀರನ್ನು ಅಳೆಯುವ ಕೋಲು ಎರಡೂ ಕಡೆಗೆ ಒಂದೇ ಆಯಿತು. ಇದು ಸಣ್ಣ ಲಾಭವಲ್ಲ.

ಕ್ಷಮೆಗೂ ಅಪಾಯವಿದೆ ಎಂಬುದನ್ನು ಮುಚ್ಚಿಡಬಾರದು. ಹದಿಮೂರನೆಯ ಶತಮಾನದ ಆರಂಭದಲ್ಲಿ ಪಾರ್ಶ್ವಪಂಡಿತ ಕನ್ನಡದಲ್ಲಿ ಬರೆದ ಪಾರ್ಶ್ವನಾಥ ಪುರಾಣದ ಕಥಾಮೂಲವೇ ಇದು: ಅಣ್ಣ ಕಮಠನಿಂದ ನೊಂದ ಮರುಭೂತಿ, ಹಗೆಯನ್ನು ಬಿಟ್ಟು ಅವನ ಬಳಿಗೆ ಕ್ಷಮೆ ಕೇಳಲು ಹೋಗುತ್ತಾನೆ; ಕಾಲಿಗೆರಗಿದವನ ತಲೆಯ ಮೇಲೆ ಕಮಠ ಬಂಡೆ ಎತ್ತಿ ಹಾಕುತ್ತಾನೆ. ಅಲ್ಲಿಂದ ಜನ್ಮಜನ್ಮಾಂತರಕ್ಕೂ ಒಬ್ಬ ಕೊಲ್ಲುತ್ತಲೇ ಹೋಗುತ್ತಾನೆ, ಇನ್ನೊಬ್ಬ ಸಾಯುತ್ತಲೇ ಹೋಗುತ್ತಾನೆ. ಕೊನೆಗೆ ಸತ್ತವನು ತೀರ್ಥಂಕರನಾಗುತ್ತಾನೆ. ಒಂದೇ ಕಡೆಯಿಂದ ಕಟ್ಟಿದ ವೈರ ಕಟ್ಟಿಕೊಂಡವನನ್ನೇ ಬಿಗಿಯುತ್ತದೆ ಎಂಬ ಈ ಜೈನ ಉತ್ತರ ಆತ್ಮದ ಮಟ್ಟಿಗೆ ಗಟ್ಟಿಯಾದದ್ದು. ನಾಡಿನ ಮಟ್ಟಿಗೆ ಅದಷ್ಟೇ ಸಾಲದು. ಕಮಠರ ಕೈ ಹಿಡಿಯಲು ಕಾನೂನು ಬೇಕೇ ಬೇಕು. ಆದರೂ ಕಾನೂನು ಕೂಡ ಹೊರಗಿನಿಂದ ಪೆಟ್ಟನ್ನು ತಡೆಯಬಲ್ಲುದು, ಒಳಗಿನ ಬಾಕಿಯನ್ನು ಅಳಿಸಲಾರದು. ಅದು ಅಳಿಯುವ ಬಗೆಯನ್ನು ಭಾಗವತ ತೋರಿಸುತ್ತದೆ. ಮಲಗಿದ್ದ ಐವರು ಮಕ್ಕಳನ್ನು ಕೊಂದ ಅಶ್ವತ್ಥಾಮನನ್ನು ಅರ್ಜುನ ಕಟ್ಟಿ ತಂದು ಮುಂದೆ ನಿಲ್ಲಿಸಿದಾಗ ದ್ರೌಪದಿ ಬಿಟ್ಟುಬಿಡಿ ಎನ್ನುತ್ತಾಳೆ. ಕಾರಣ ಅವನ ಮೇಲಿನ ಕರುಣೆಯಲ್ಲ. ಮನೆಯಲ್ಲಿ ಅವನ ತಾಯಿ ಕೃಪಿ ಇದ್ದಾಳೆ, ತಾನು ಅಳುತ್ತಿರುವಂತೆ ಅವಳೂ ಅಳಬಾರದು. ದ್ರುಪದ ದ್ರೋಣನನ್ನು ಅವಮಾನಿಸಿದಂದು ಶುರುವಾದ ಸರಪಳಿ ಅದು. ದ್ರೋಣ ದ್ರುಪದನನ್ನು ಕಟ್ಟಿ ತರಿಸಿದ, ದ್ರುಪದ ದ್ರೋಣನನ್ನು ಕೊಲ್ಲುವ ಮಗನನ್ನು ಬೇಡಿ ಯಜ್ಞ ಮಾಡಿದ, ಆ ಮಗ ದ್ರೋಣನ ತಲೆ ಕಡಿದ, ದ್ರೋಣನ ಮಗ ಅವನನ್ನು ನಿದ್ದೆಯಲ್ಲಿ ಕೊಂದ. ಇದನ್ನು ನಿಲ್ಲಿಸಲು ನೋಡಿದವಳು ದ್ರುಪದನ ಮಗಳು, ಇಡೀ ಕಥೆಯಲ್ಲಿ ಸೇಡಿಗೆ ಅತಿ ಹೆಚ್ಚು ಹಕ್ಕಿದ್ದವಳು. ಅವಳು ಹಗೆಯನ್ನು ನೋಡಲಿಲ್ಲ. ಹಗೆಯ ಮನೆಯಲ್ಲಿ ಹಗೆಗೆ ಸೇರದ ಒಬ್ಬಳನ್ನು ನೋಡಿದಳು. ನ್ಯಾಲನ ಸಾಗಾ ಮುಗಿಯುವುದೂ ಇಂಥದೇ ನೋಟದಲ್ಲಿ. ಬೆಂಕಿಯಿಂದ ತಪ್ಪಿಸಿಕೊಂಡು, ಸುಟ್ಟವರನ್ನು ಒಬ್ಬೊಬ್ಬರಾಗಿ ಬೇಟೆಯಾಡಿದ ಕಾರಿ, ಹಡಗು ಒಡೆದು ಹಿಮಗಾಳಿಯಲ್ಲಿ ನಡೆದು ಫ್ಲೋಸಿಯ ಬಾಗಿಲಿಗೇ ಬರುತ್ತಾನೆ. ಫ್ಲೋಸಿ ಎದ್ದು ಅಪ್ಪಿಕೊಳ್ಳುತ್ತಾನೆ. ಅಂದು ಬಾಗಿಲಲ್ಲಿ ನಿಂತದ್ದು ಅವನ ಕಣ್ಣಿಗೆ ಅತಿಥಿ.

ಕಂಚಿಯ ಕಂಬಕ್ಕೆ ಮರಳೋಣ. ವಿಕ್ರಮಾದಿತ್ಯ ಅಲ್ಲಿ ಕಂಡದ್ದೂ ಹಗೆಗೆ ಸೇರದ ಒಂದನ್ನು. ಗುಡಿ ಪಲ್ಲವನದಾದರೂ ದೇವರು ಪಲ್ಲವನ ಸೊತ್ತಲ್ಲ. ಕೆಂದೂರು ತಾಮ್ರಪಟ ಹೇಳುವಂತೆ ಅವನು ಊರನ್ನು ಹಾಳುಮಾಡದೆ ಒಳಹೊಕ್ಕ, ದೀನರಿಗೂ ಅನಾಥರಿಗೂ ದಾನ ಕೊಟ್ಟ, ದೇವಾಲಯಗಳಿಗೆ ಹೊನ್ನನ್ನು ಹಿಂದಿರುಗಿಸಿದ. ಇದೂ ಪ್ರಚಾರವೇ ಎನ್ನುವವರಿಗೆ ನನ್ನ ಉತ್ತರ: ಇರಬಹುದು. ಆದರೆ ಮುತ್ತಾತ ಮೂರು ತಲೆಮಾರನ್ನು ತುಳಿದೆನೆಂದು ಹೆಮ್ಮೆಪಟ್ಟ ಮನೆಯಲ್ಲಿ ಒಬ್ಬ ಅರಸ ಮುಟ್ಟದೆ ಬಿಟ್ಟದ್ದನ್ನು ಹೆಮ್ಮೆಯಾಗಿ ಬರೆಸಿದನೆಂದರೆ ಹೆಮ್ಮೆಯ ಅರ್ಥವೇ ಬದಲಾಯಿತು. ಅವನು ಸಂತನಲ್ಲ. ಪಲ್ಲವರ ಆನೆಗಳನ್ನು, ಮಾಣಿಕ್ಯಗಳನ್ನು, ಧ್ವಜವನ್ನು, ರಣವಾದ್ಯಗಳನ್ನು ಹೊತ್ತೊಯ್ದ. ಅವನ ಮಗ ಕೀರ್ತಿವರ್ಮ ಯುವರಾಜನಾಗಿ ಮತ್ತೆ ಕಂಚಿಯ ಮೇಲೆ ದಂಡೆತ್ತಿ ಹೋದ. ಮೂರು ಬಾರಿ ಕಂಚಿಯನ್ನು ಗೆದ್ದ ಗಂಡನ ನೆನಪಿಗೆಂದು ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯೇ ಇಂದಿನ ವಿರೂಪಾಕ್ಷ. ವಿಜಯದ ಗುಡಿ ನಿಜ. ಅದರ ರೂಪದಲ್ಲಿ ಮಾತ್ರ ಕಂಚಿಯ ಕೈಲಾಸನಾಥ ಎದ್ದು ಕಾಣುತ್ತದೆ. ಸೋತವರಿಂದ ಕಲಿಯಲು ಗೆದ್ದವರು ನಾಚಲಿಲ್ಲ.

ಆದರೆ ಹೊತ್ತು ಮೀರಿತ್ತು. ಪಲ್ಲವರ ಕಡೆಗೇ ಮುಖ ಮಾಡಿದ್ದ ಚಾಲುಕ್ಯರನ್ನು 753ರ ಹೊತ್ತಿಗೆ ಅವರದೇ ಸಾಮಂತ, ರಾಷ್ಟ್ರಕೂಟ ದಂತಿದುರ್ಗ ಕೆಡವಿದ. ಪಲ್ಲವರನ್ನು ಒಂಬತ್ತನೆಯ ಶತಮಾನದ ಕೊನೆಗೆ ಅವರದೇ ಸಾಮಂತ, ಚೋಳ ಆದಿತ್ಯ ಮುಗಿಸಿದ. ಎರಡು ಪುಸ್ತಕಗಳೂ ಬಾಕಿ ಉಳಿಸಿಕೊಂಡೇ ಮುಚ್ಚಿಹೋದವು. ವಿಕ್ರಮಾದಿತ್ಯನ ಶಾಸನದ ಕೊನೆಯಲ್ಲಿ ಆ ಅಕ್ಷರಗಳನ್ನು ಕೆಡಿಸಿದವರಿಗೆ ಶಾಪವಿದೆ. ಅವನು ಬಾದಾಮಿಗೆ ಹಿಂದಿರುಗಿದ ಮೇಲೆ ನಂದಿವರ್ಮ ಕಂಚಿಗೆ ಮರಳಿ ಬಂದು ದಶಕಗಳ ಕಾಲ ಆಳಿದ. ತನ್ನ ಸೋಲನ್ನು ಶತ್ರುವಿನ ಭಾಷೆಯಲ್ಲಿ ಸಾರುವ ಕಂಬ ಅವನ ಊರಿನ ಗುಡಿಯಲ್ಲೇ ಇತ್ತು. ಅಳಿಸಲು ಒಬ್ಬ ಕಲ್ಲುಕುಟಿಗ, ಒಂದು ಉಳಿ, ಒಂದು ಹೊತ್ತು ಸಾಕಾಗಿತ್ತು. ಅವನು ಅಳಿಸಲಿಲ್ಲ. ಅವನ ನಂತರ ಬಂದ ಚೋಳರೂ ಅಳಿಸಲಿಲ್ಲ. ಆ ಕನ್ನಡ ಅಕ್ಷರಗಳು ಅಲ್ಲೇ ಇವೆ.